ಕಾಳಪ್ಪನ ತಕ್ಕಡಿ ಮತ್ತು ಹನ್ನೆರಡು ಕೆಂಪುಗುಬ್ಬಿ

ನಮ್ಮವ್ವ ದ್ಯಾವಮ್ಮನಿಗೂ ಎದುರು ಮನೆಯ ಅಕ್ಕಸಾಲಿ ಕಾಳಪ್ಪನಿಗೂ ಇಪ್ಪತ್ತು ವರ್ಷ ಮಾತಿರಲಿಲ್ಲ. ಕಾರಣ ಒಂದು ಗುಲಗಂಜಿ. ಕೆಂಪು ಮೈಗೆ ಕಪ್ಪು ಬೊಟ್ಟಿಟ್ಟ ಆ ಬೇಲಿಯ ಕಾಳಿನಲ್ಲೇ ಹಿಂದೆ ಚಿನ್ನ ತೂಗುತ್ತಿದ್ದದ್ದು. ಎಪ್ಪತ್ತೈದನೇ ಇಸವಿಯಲ್ಲಿ ಅವ್ವ ಕಾಳಪ್ಪನ ಹತ್ತಿರ ಓಲೆ ಮಾಡಿಸಿಕೊಂಡಳು. ಮನಸ್ಸು ತಡೆಯದೆ ಮೈಸೂರಿಗೆ ಒಯ್ದು ತೂಗಿಸಿದಳು. ಒಂದು ಗುಲಗಂಜಿ ಕಮ್ಮಿ ಬಂತು. ಬೆಸುಗೆ ಹಾಕುವಾಗ, ಉಜ್ಜುವಾಗ ಅಷ್ಟು ಸವೆಯುತ್ತದೆ ಎಂದು ಕಾಳಪ್ಪ ಎಷ್ಟು ಹೇಳಿದರೂ ಅವ್ವ ಕೇಳಲಿಲ್ಲ. ಪಾಂಡವಪುರದ ಪೇಟೆ ಬೀದಿಯ ನಡುಮಧ್ಯೆ ನಿಂತು, "ಅಕ್ಕಸಾಲಿ ಅಕ್ಕನ ಚಿನ್ನಾನೂ ಬುಡ ಅಂತ ದೊಡ್ಡೋರು ಸುಮ್ನೆ ಯೋಳವ್ರಾ? ಉಟ್ಟುಗುಣ ಸುಟ್ರೂ ಓಗಾಕಿಲ್ಲ!" ಎಂದು ಕೂಗಿ ಬಂದಳು. ಅಲ್ಲಿಂದ ಮುಂದೆ ನಮ್ಮ ಮನೆಯ ಮೂಗುಬೊಟ್ಟಿನ ತಿರುಪು ಕಳಚಿದರೂ ಮೈಸೂರಿನ ಬಸ್ಸು ಹತ್ತಬೇಕು.

ನನಗೆ ಆ ಜಗಳದಿಂದ ತೊಂದರೆಯೇನೂ ಇರಲಿಲ್ಲ. ನನ್ನ ಸೈಕಲ್ ಶಾಪು ಕಾಳಪ್ಪನ ಅಂಗಡಿಯ ಎದುರಿಗೇ ಇದೆ. ಪಂಕ್ಚರ್ ಹಾಕುತ್ತಾ ತಲೆ ಎತ್ತಿದರೆ ಅವನ ಬೋಳುತಲೆ, ತಲೆ ತಗ್ಗಿಸಿದರೆ ನನ್ನ ನೀರಿನ ಬಾಂಡ್ಲಿ. ಹಿಂಗೇ ನಮ್ಮ ಸ್ನೇಹ ನಡೆದಿತ್ತು. ಅವನದು ಕಮ್ಮಿ ಮಾತು. ತೂಗುವಾಗಲಂತೂ ಉಸಿರೂ ಬಿಡುತ್ತಿರಲಿಲ್ಲ. ಉಸಿರು ತಾಗಿದರೆ ತಕ್ಕಡಿ ಅಲ್ಲಾಡುತ್ತದಂತೆ. ಅವನ ತಾತನ ಕಾಲದ ಆ ಪುಟ್ಟ ತಕ್ಕಡಿಯನ್ನು ಹೆಂಡತಿ ದೊಡ್ಡತಾಯಮ್ಮನ ಕೈಗೂ ಕೊಟ್ಟವನಲ್ಲ. ಗಿರಾಕಿಗಳು ಮಾತ್ರ ಅವನು ತೂಗುವಾಗ ಅವನ ಬೆರಳನ್ನೇ ದಿಟ್ಟಿಸುತ್ತಿದ್ದರು. ಐವತ್ತು ದಾಟಿದ ಮನುಷ್ಯ, ದಿನಾ ಬೆಳಗಾದರೆ ಕಳ್ಳನನ್ನು ನೋಡುವ ಕಣ್ಣುಗಳ ಮುಂದೆ ಕೂತು ಕೆಲಸ ಮಾಡಬೇಕು. ನಾನಾಗಿದ್ದರೆ ಯಾವತ್ತೋ ತಕ್ಕಡಿ ಬಿಸಾಡಿ ಎದ್ದು ಹೋಗುತ್ತಿದ್ದೆ.

ತೊಂಬತ್ತಮೂರರ ಕಾರ್ತೀಕದಲ್ಲಿ ಜಯಲಕ್ಷ್ಮಮ್ಮ ಮೇಡಂ ಅವನ ಅಂಗಡಿಗೆ ಬಂದಳು. ಕೆ.ಆರ್. ಪೇಟೆ ಕಡೆಯ ಒಕ್ಕಲು ಮನೆತನದ ಹುಡುಗಿ, ನಮ್ಮೂರ ಕಾಲೇಜಿನಲ್ಲಿ ಪಾಠ ಹೇಳುತ್ತಾ ಡಾಕ್ಟರೇಟಿಗೆ ಓದುತ್ತಿದ್ದಳು. ಅವಳ ವಿಷಯ ಹಕ್ಕಿ. ಮೇಲುಕೋಟೆ ಗುಡ್ಡದ ಪೊದೆಗಳಿಗೆ ಚಳಿಗಾಲದಲ್ಲಿ ಹಿಮಾಲಯದ ಕಡೆಯಿಂದ ಒಂದು ಜಾತಿಯ ಗುಬ್ಬಿ ಬರುತ್ತದೆ. ಗಂಡಿಗೆ ತಲೆ, ಎದೆಯೆಲ್ಲ ಕೆಂಪು. ಚೈತ್ರದ ಹೊತ್ತಿಗೆ ಅಷ್ಟೂ ವಾಪಸು ಹೊರಡುತ್ತವೆ. ಹೊರಡುವ ಮುಂಚೆ ಗಬಗಬ ತಿಂದು ಮೈಯಲ್ಲಿ ಕೊಬ್ಬು ಕಟ್ಟಿಕೊಳ್ಳುತ್ತವೆ, ಅದೇ ಅವಕ್ಕೆ ದಾರಿಬುತ್ತಿ. ಅಂಥ ಹನ್ನೆರಡನ್ನು ಅರಣ್ಯ ಇಲಾಖೆಯ ಅನುಮತಿ ಪಡೆದು ಹಿಡಿದು ತಂದಿದ್ದಳು.

"ಕಾಳಪ್ಪಣ್ಣ, ದಿನಾ ಬೆಳಿಗ್ಗೆ ಒಂದೊಂದನ್ನೂ ತೂಗ್ಬೇಕು. ನಮ್ಮ ಕಾಲೇಜಿನ ತಕ್ಕಡೀಲಿ ಸೀಮೆಸುಣ್ಣಕ್ಕೂ ಡಸ್ಟರಿಗೂ ಒಂದೇ ತೂಕ ಬರುತ್ತೆ" ಅಂದಳು.

ಕಾಳಪ್ಪ ನಗಲಿಲ್ಲ. ಒಂದು ಹಕ್ಕಿಯನ್ನು ಕರಿಬಟ್ಟೆಯ ಚೀಲದಲ್ಲಿಟ್ಟು ತೂಗಿದ, ಬರೀ ಚೀಲವನ್ನು ಬೇರೆ ತೂಗಿ ಕಳೆದ. "ನೂರಾ ಎಂಬತ್ತು ಗುಲಗಂಜಿ. ಎರಡು ತೊಲಕ್ಕೆ ಹನ್ನೆರಡು ಕಮ್ಮಿ" ಅಂದ. ಆಮೇಲೆ ತನ್ನ ಊದುಕೊಳವೆ ತೆಗೆದು ಹಕ್ಕಿಯ ಹೊಟ್ಟೆಯ ಪುಕ್ಕದ ಮೇಲೆ ಸಣ್ಣಗೆ ಊದಿದ. ಪುಕ್ಕ ಸರಿದು ಕೆಳಗಿನ ತೆಳ್ಳನೆಯ ಚರ್ಮ ಕಂಡಿತು. "ಕೊಬ್ಬು ಬಂದ್ರೆ ಇಲ್ಲೇ ಹಳದಿಯಾಗಿ ಕಾಣ್ಬೇಕಲ್ವ ಮೇಡಂ?" ಅಂದ. ಬೆಂಕಿ ಊದುವ ಕೊಳವೆಗೆ ಇಂಥ ಕೆಲಸವೂ ಇದೆ ಎಂದು ಅವನಿಗೆ ಯಾರು ಹೇಳಿಕೊಟ್ಟರೋ! ಮೇಡಂ ಅವತ್ತೇ ಹಕ್ಕಿಗಳನ್ನು ಅವನ ಮನೆಯಲ್ಲಿಡುವುದೆಂದು ತೀರ್ಮಾನಿಸಿದಳು.

ಅಂಗಡಿಯ ಹಿಂದೆ ಅವನದೊಂದು ಒಳಕೋಣೆ ಇತ್ತು. ಬೆಳಕು ನುಸುಳದ ಹಾಗೆ ಕಿಟಕಿಗೆ ಟಾರ್ ಪೇಪರು ಬಡಿದರು. ಬಲ್ಬಿಗೆ ಗಡಿಯಾರದ ಸ್ವಿಚ್ಚು ಹಾಕಿದರು. ಬೆಳಿಗ್ಗೆ ಆರಕ್ಕೆ ತಾನೇ ಹತ್ತುತ್ತದೆ, ಸಂಜೆ ಆರಕ್ಕೆ ತಾನೇ ಆರುತ್ತದೆ. ಕರೆಂಟು ಹೋದರೆ ಇರಲಿ ಎಂದು ಲಾರಿ ಬ್ಯಾಟರಿ. ಹೊರಗೆ ಹಗಲು ಉದ್ದವಾಗಲಿ, ಗಿಡ್ಡವಾಗಲಿ, ಒಳಗೆ ವರ್ಷವಿಡೀ ಹನ್ನೆರಡು ಗಂಟೆ ಹಗಲು, ಹನ್ನೆರಡು ಗಂಟೆ ರಾತ್ರಿ. "ಆರು ಗಂಟೆ ಮೇಲೆ ಲೈಟು ಹಾಕ್ಬಾರದು, ಕಿಟಕಿ ತೆಗೀಬಾರದು" ಎಂದು ಮೇಡಂ ಹೇಳಿದಳು. ಕಾಳಪ್ಪ ಸ್ವಿಚ್ಚಿನ ಮೇಲೆ ಅಂಟುಪಟ್ಟಿ ಅಂಟಿಸಿಬಿಟ್ಟ.

ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬಂದು ತೂಕ ಬರೆದುಕೊಂಡು ಕಾಲೇಜಿಗೆ ಹೋಗುವುದು, ಸಂಜೆ ಐದರ ಬಸ್ಸಿಗೆ ಊರು ಸೇರುವುದು, ಇದು ಮೇಡಂ ದಿನಚರಿ. ಹನ್ನೆರಡು ಹಕ್ಕಿಗೂ ನಂಬರು ಕೊಟ್ಟಿದ್ದಳು. ಕಾಳಪ್ಪನಿಗೆ ನಂಬರಿಗಿಂತ ಅವುಗಳ ಗುಣವೇ ಹೆಚ್ಚು ಗೊತ್ತಿತ್ತು. ಆರನೆಯದು ಆತುರಗಾರ, ನವಣೆ ಹಾಕುವ ಮುಂಚೆಯೇ ಬಟ್ಟಲಿಗೆ ಕೊಕ್ಕು ಹಾಕುತ್ತದೆ. ಒಂಬತ್ತನೆಯದು ಸೋಮಾರಿ. ತೂಗುವಾಗ ಆರನೆಯದಕ್ಕೆ "ಸುಮ್ನಿರ್ಲಾ" ಅನ್ನುತ್ತಿದ್ದ. ನನಗೂ ಅಷ್ಟು ಪ್ರೀತಿಯಿಂದ ಅವನು ಬೈದಿರಲಿಲ್ಲ.

ತೊಂಬತ್ತನಾಲ್ಕರ ಮಾರ್ಚಿ ಇಪ್ಪತ್ತೈದರ ಹೊತ್ತಿಗೆ ಆರನೆಯ ಹಕ್ಕಿಯ ತೂಕ ಏರತೊಡಗಿತು. ನಾಲ್ಕು ದಿನ ಬಿಟ್ಟು ಎರಡನೆಯದು, ಆಮೇಲೆ ಹನ್ನೊಂದನೆಯದು. ಎಲ್ಲಕ್ಕಿಂತ ಕೊನೆಗೆ ನಮ್ಮ ಸೋಮಾರಿ ಒಂಬತ್ತು. ನೂರಾ ಎಂಬತ್ತಿದ್ದದ್ದು ಇನ್ನೂರ ಮೂವತ್ತಕ್ಕೆ ಹೋಯಿತು. ಹೊರಗೆ ಮೇಲುಕೋಟೆ ಗುಡ್ಡದಲ್ಲಿ ಅವುಗಳ ನಂಟರು ಹೊರಡುತ್ತಿದ್ದದ್ದೂ ಅದೇ ವಾರ.

ಜೂನ್ ತಿಂಗಳಲ್ಲಿ ಮೇಡಂ ಒಂದು ಉದ್ದನೆಯ ಗೆರೆ ಕಾಗದ ತಂದು ಅಂಗಡಿಯ ಚಾಪೆಯ ಮೇಲೆ ಬಿಡಿಸಿದಳು. ನಾನೂ ಕೈ ಒರೆಸಿಕೊಂಡು ಹೋಗಿ ಕೂತೆ. ಹಕ್ಕಿಗೊಂದರಂತೆ ಹನ್ನೆರಡು ತೂಕದ ಗೆರೆ ಏರಿದ್ದವು. ಅವಳ ಮುಖದಲ್ಲಿ ಮದುವೆ ಹೆಣ್ಣಿನ ಕಳೆ.

"ನೋಡಿ ಕಾಳಪ್ಪಣ್ಣ, ಈ ಹಕ್ಕಿಗಳಿಗೆ ಚಳಿಗಾಲ ಮುಗೀತು ಅಂತ ಹೇಳೋರು ಯಾರಿದ್ರು? ಬಿಸಿಲು ಕಂಡಿಲ್ಲ, ಹಗಲು ಉದ್ದವಾಗಿದ್ದು ಕಂಡಿಲ್ಲ. ಸಂಜೆ ಆರಾದ ಮೇಲೆ ಒಂದು ಚೂರು ಬೆಳಕು ಒಳಗೆ ಬಂದಿಲ್ಲ. ಆದ್ರೂ ಹೊರಡೋ ಹೊತ್ತು ತಿಳಕೊಂಡ್ವು. ಅಂದ್ರೆ ಗಡಿಯಾರ ಅವುಗಳ ಒಳಗೇ ಇದೆ. ಅಪ್ಪ ಅಮ್ಮನಿಂದ ರಕ್ತದಲ್ಲೇ ಬಂದಿದ್ದು."

ಪರದೇಶದಲ್ಲಿ ಇನ್ನೊಂದು ಜಾತಿಯ ಹಕ್ಕಿಯ ಮೇಲೆ ನಡೆದ ಪ್ರಯೋಗವನ್ನೂ ಹೇಳಿದಳು. ದೂರ ಪ್ರಯಾಣ ಮಾಡುವ ಸೀಮೆಯ ಹಕ್ಕಿಗೂ ಹತ್ತಿರದಲ್ಲೇ ನಿಲ್ಲುವ ಸೀಮೆಯ ಹಕ್ಕಿಗೂ ಜೋಡಿ ಮಾಡಿ ಮರಿ ಮಾಡಿಸಿದರಂತೆ. ದಾರಿಯನ್ನೇ ಕಾಣದ ಆ ಮರಿಗಳ ಹೊರಡುವ ತವಕ ಅಪ್ಪನಷ್ಟೂ ಅಲ್ಲ, ಅಮ್ಮನಷ್ಟೂ ಅಲ್ಲ, ಎರಡರ ನಡುವೆ ಬಂತಂತೆ.

"ಅಂಗಾದ್ರೆ ಚಿನ್ನಕ್ಕೆ ತಾಮ್ರ ಬೆರೆಸ್ದಂಗೆ" ಎಂದು ನಾನೇ ಜಾಣತನ ತೋರಿಸಿದೆ. ಬೇರೆ ದಿನವಾಗಿದ್ದರೆ ಕಾಳಪ್ಪ ನನ್ನ ತಲೆಗೊಂದು ಮೊಟಕುತ್ತಿದ್ದ. ಅವತ್ತು ಅವನು ಗೆರೆ ಕಾಗದವನ್ನೇ ನೋಡುತ್ತಾ ಕೂತಿದ್ದ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

ಮೂರು ದಿನ ಅವನ ಅಂಗಡಿಯಲ್ಲಿ ಸುತ್ತಿಗೆ ಸದ್ದಿಲ್ಲ. ನಾಲ್ಕನೇ ದಿನ ಬಂದು ನನ್ನ ಪಂಪಿನ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ಲೇ ಲೋಕೇಶ, ಎಣ್ಣೆ ದೀಪದ ಬೆಳಕು ಹಕ್ಕಿಗೆ ಕಾಣ್ತದೇನ್ಲಾ?"

ವಿಷಯ ಹೀಗಿತ್ತು. ಆ ಒಳಕೋಣೆಯ ಗೋಡೆಯಲ್ಲಿ ಒಂದು ಗೂಡಿದೆ. ಅದರಲ್ಲಿ ಕಾಳಿಕಾಂಬೆಯ ಪಟ, ಪಟದ ಕೆಳಗೆ ಅವನ ತಾತನ ಸುತ್ತಿಗೆ, ಚಿಮಟ. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಕೈಕಾಲು ತೊಳೆದು ಆ ಆಯುಧಗಳಿಗೆ ಎಳ್ಳೆಣ್ಣೆಯ ದೀಪ ಇಡುವುದು ಅವರ ಮನೆಯ ಪದ್ಧತಿ. ಆಯುಧ ಕತ್ತಲಲ್ಲಿ ಕೂತರೆ ಮನೆ ಏಳಿಗೆಯಾಗುವುದಿಲ್ಲ. ಹಕ್ಕಿ ಬಂದ ಮೇಲೂ ಕಾಳಪ್ಪ ಒಂದು ದಿನ ತಪ್ಪಿಸಿರಲಿಲ್ಲ. ಲೈಟು ಹಾಕಬಾರದು ಅಂದಿದ್ದರು, ಹಾಕಿರಲಿಲ್ಲ. ದೇವರ ದೀಪವನ್ನು ಯಾರಾದರೂ ಲೆಕ್ಕಕ್ಕೆ ಹಿಡಿಯುತ್ತಾರೆಯೇ? ಉಸಿರಾಡಿದೆ ಎಂದು ಯಾರಾದರೂ ಹೇಳಿಕೊಳ್ಳುತ್ತಾರೆಯೇ? ಆದರೆ ದೀಪ ಹಚ್ಚುವ ಹೊತ್ತೆಂದರೆ ಗಡಿಯಾರದ ಹೊತ್ತಲ್ಲ, ಸೂರ್ಯ ಮುಳುಗುವ ಹೊತ್ತು. ಮಾರ್ಗಶಿರದಲ್ಲಿ ಆರೂಕಾಲಿಗೆ, ಚೈತ್ರದಲ್ಲಿ ಆರೂಮುಕ್ಕಾಲಿಗೆ. ಕಿಟಕಿ ಮುಚ್ಚಿ ಹೊರಗಿಟ್ಟಿದ್ದ ಸೂರ್ಯನನ್ನು ಕಾಳಪ್ಪ ದಿನಾ ಸಂಜೆ ತಾನೇ ಕೈಯಲ್ಲಿ ಹಿಡಿದು ಒಳಗೆ ಕರೆದೊಯ್ದಿದ್ದ.

"ಯಾರಿಗೂ ಗೊತ್ತಿಲ್ವಲ್ಲಣ್ಣ, ಸುಮ್ನಿರು. ಮೇಡಂ ಪಾಸಾಗ್ಲಿ, ನಿಂಗೇನು?" ಅಂದೆ ನಾನು. ಸುಳ್ಳು ಯಾಕೆ, ಅವತ್ತು ನನಗೆ ಅದೇ ಬುದ್ಧಿವಂತಿಕೆ ಎನಿಸಿತ್ತು. ಓದು ಮುಗಿಸಲು ಅವಳಿಗೆ ಇನ್ನು ಉಳಿದಿದ್ದದ್ದು ಒಂದೂವರೆ ವರ್ಷ. ಮತ್ತೆ ಮೊದಲಿಂದ ಮಾಡಿ, ಹಕ್ಕಿ ಕೈಕೊಟ್ಟರೆ, ಎಲ್ಲ ನೀರುಪಾಲು.

ಕಾಳಪ್ಪ ಎದ್ದು ನಿಂತ. "ನಿಮ್ಮವ್ವ ಒಂದು ಗುಲಗಂಜಿಗೆ ನನ್ನ ಕಳ್ಳ ಅಂದ್ಳು. ಅದನ್ನ ನಾನು ಕದ್ದಿರ್ನಿಲ್ಲ, ಅದ್ಕೇ ತಡ್ಕೊಂಡೆ. ಇದನ್ನ ಮುಚ್ಚಿಟ್ರೆ ಕದ್ದಂಗೇ ಅಲ್ವೇನ್ಲಾ? ನಾಳೆ ಜೊತೆಗೆ ಬಾ."

ಮಾರನೇ ದಿನ ಭಾನುವಾರ, ಮೇಡಂ ಬಾರದ ದಿನ. ಕೆ.ಆರ್. ಪೇಟೆ ಬಸ್ಸು ಹಿಡಿದು, ಅಲ್ಲಿಂದ ಎರಡು ಮೈಲಿ ನಡೆದು ಮೇಡಂ ಮನೆ ಸೇರಿದೆವು. ಅವರಮ್ಮ ತಂದ ಮಜ್ಜಿಗೆಯನ್ನು ಕಾಳಪ್ಪ ಮುಟ್ಟಲಿಲ್ಲ. ಜಗಲಿಯ ಅಂಚಿನಲ್ಲಿ ನಿಂತುಕೊಂಡೇ ಎಲ್ಲ ಹೇಳಿದ. ಮೇಡಂ ಕೇಳಿದ್ದು ಒಂದೇ ಮಾತು: "ಎಷ್ಟು ಗಂಟೆಗೆ ಹಚ್ತಿದ್ರಿ?"

"ಗಂಟೆ ನೋಡಿಲ್ಲ ಕಣವ್ವ. ಕೊಕ್ಕರೆ ಗೂಡಿಗೋಗೋ ಹೊತ್ತು."

ಅವಳ ಮುಖಕ್ಕೆ ರಕ್ತ ನುಗ್ಗಿತು. "ಇಡೀ ವರ್ಷ ಹಾಳು ಮಾಡಿದ್ರಲ್ಲ ಕಾಳಪ್ಪಣ್ಣ! ಗೈಡಿಗೆ ಕಳಿಸಾಯ್ತು, ಎಲ್ಲರಿಗೂ ಹೇಳಾಯ್ತು. ಈಗ ಬಂದು ಹೇಳ್ತೀರಲ್ಲ!" ಎಂದು ಕೂಗಿದಳು. ಕಣ್ಣೀರು ಬಂತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಾಳಪ್ಪ ಆ ಮುಚ್ಚಿದ ಬಾಗಿಲಿಗೆ ಕೈಮುಗಿದು ಮೆಟ್ಟಿಲಿಳಿದ. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಅವನ ಮೇಲೆ ಸಿಟ್ಟು, ಅವಳ ಮೇಲೆ ಸಿಟ್ಟು, ಆ ಗುಬ್ಬಿಗಳ ಮೇಲಂತೂ ಇನ್ನೂ ಸಿಟ್ಟು.

ಎಂಟು ದಿನ ಮೇಡಂ ಬರಲಿಲ್ಲ. ಕಾಳಪ್ಪ ಮಾತ್ರ ದಿನಾ ತೂಗಿ ಬರೆದಿಡುತ್ತಿದ್ದ. ಒಂಬತ್ತನೇ ದಿನ ಬಂದಳು. ನೆಟ್ಟಗೆ ಒಳಕೋಣೆಗೆ ಹೋಗಿ ಆ ಗೂಡಿನ ಮುಂದೆ ನಿಂತಳು.

"ದಿನಾ ಬೆಳಿಗ್ಗೆ ಈ ಹಣತೆ, ಕರಕಲು ಬತ್ತಿ, ಎಲ್ಲಾ ನೋಡಿದೀನಿ. ನಮ್ಮನೇಲೂ ಹಚ್ತೀವಿ. ಅದೂ ಒಂದು ಬೆಳಕು ಅಂತ ಎಂ.ಎಸ್ಸಿ ಓದಿದ ನಂಗೇ ಹೊಳೀಲಿಲ್ಲ, ನಿಮಗೆ ಹೆಂಗೆ ಬಯ್ಲಿ?" ಅಂದಳು. ಆಮೇಲೆ ಮೆಲ್ಲಗೆ, "ಇನ್ನೊಂದು ವರ್ಷ ತೂಗ್ತೀರಾ? ದೀಪ ಇಲ್ದೆ?"

ಕಾಳಪ್ಪ ಅವತ್ತೇ ಪಟವನ್ನೂ ಆಯುಧಗಳನ್ನೂ ಎತ್ತಿ ಹೊರಜಗಲಿಗೆ ತಂದ. ತಾತನ ಕಾಲದಿಂದ ಕದಲದಿದ್ದ ಸುತ್ತಿಗೆ! ದೊಡ್ಡತಾಯಮ್ಮ ಕೆಂಡವಾದಳು. "ಗುಬ್ಬಿಗೋಸ್ಕರ ಮನೆ ದೇವ್ರನ್ನ ಬೀದಿಗಾಕ್ದ" ಎಂದು ಒಂದು ತಿಂಗಳು ಗಂಡನಿಗೆ ಮಾತಾಡದೆ ಮುದ್ದೆ ಬಡಿಸಿದಳು. ಆ ವರ್ಷ ಮದುವೆ ಕಾಲದಲ್ಲಿ ಎರಡು ದೊಡ್ಡ ಗಿರಾಕಿ ತಪ್ಪಿದವು, ಅದಕ್ಕೂ ಕತ್ತಲೆ ಕೋಣೆಯೇ ಕಾರಣವಾಯಿತು. ಆಯುಧಪೂಜೆಯಲ್ಲೂ ಒಳಗೆ ದೀಪವಿಲ್ಲ. ಅವನಿಗೆ ನೋವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸಂಜೆಯಾದರೆ ಆ ಕೋಣೆಯ ಮುಚ್ಚಿದ ಬಾಗಿಲಿನ ಮುಂದೆ ಸುಮ್ಮನೆ ನಿಂತಿರುತ್ತಿದ್ದ.

ತೊಂಬತ್ತೈದರ ಮಾರ್ಚಿ ಏಳನೇ ತಾರೀಖು. ಹಿಂದಿನ ವರ್ಷದ ಲೆಕ್ಕದಲ್ಲಿ ತೂಕ ಏರಲು ಇನ್ನೂ ಎರಡೂವರೆ ವಾರ ಇತ್ತು. ಬೆಳಿಗ್ಗೆ ಕಾಳಪ್ಪ ಬೆವರುತ್ತಾ ನನ್ನ ಅಂಗಡಿಗೆ ಬಂದ. "ಲೇ, ನನ್ನ ತಕ್ಕಡಿ ಕೆಟ್ಟೋಯ್ತು ಕಣ್ಲಾ" ಅಂದ. ಆರನೆಯ ಹಕ್ಕಿ ಹತ್ತು ಗುಲಗಂಜಿ ಹೆಚ್ಚು ತೂಗಿತ್ತು. ಅವನಿಗೆ ಹಕ್ಕಿಯ ಮೇಲೆ ಅನುಮಾನವಿಲ್ಲ, ತನ್ನ ತಕ್ಕಡಿಯ ಮೇಲೆ! ಹೊಸ ಗುಲಗಂಜಿ ಹಾಕಿ ತೂಗಿದ, ಪಕ್ಕದ ಬೀದಿಯ ಅಕ್ಕಸಾಲಿಯಿಂದ ಗ್ರಾಂ ಬಟ್ಟು ತಂದು ತೂಗಿದ. ಅಷ್ಟೇ ಬಂತು. ಮಾರನೇ ದಿನ ಇನ್ನೂ ನಾಲ್ಕು ಹೆಚ್ಚು. ಊದುಕೊಳವೆಯಿಂದ ಪುಕ್ಕ ಸರಿಸಿದರೆ ಚರ್ಮದಡಿ ಹಳದಿ ಹೊಳಪು. ನಾಲ್ಕು ದಿನ ಬಿಟ್ಟು ಎರಡನೆಯದು ಏರಿತು, ಹಿಂದೆಯೇ ಹನ್ನೊಂದು. ಕೊನೆಗೆ ಬಂದದ್ದು, ಇನ್ಯಾರು, ಸೋಮಾರಿ ಒಂಬತ್ತು.

ಮೇಡಂ ನೆಲದ ಮೇಲೆ ಕೂತು ಹಳೇ ಗೆರೆಗಳ ಪಕ್ಕ ಹೊಸ ಗೆರೆ ಎಳೆದಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ. "ಸಾಲು ಅದೇ ಕಾಳಪ್ಪಣ್ಣ, ಒಂದೂ ಹಿಂದೆಮುಂದೆ ಆಗಿಲ್ಲ. ಯಾರು ಮೊದಲು, ಯಾರು ಕೊನೆ ಅನ್ನೋದು ಅವುಗಳ ಒಳಗೇ ಬರೆದಿದೆ. ಆದ್ರೆ ಎಲ್ಲಾ ಹದಿನೆಂಟು ದಿನ ಮುಂಚೆ. ಒಳಗಿನ ಗಡಿಯಾರ ಚೂರು ಮುಂದೋಡುತ್ತೆ. ಹೊರಗಿನ ಹೊತ್ತು ದಿನಾ ಅದನ್ನ ಸರಿ ಮಾಡ್ತಿರುತ್ತೆ. ಹೋದ ವರ್ಷ ಸರಿ ಮಾಡಿದ್ದು ನಿಮ್ಮ ದೀಪ. ನೀವು ಹೇಳದೇ ಇದ್ದಿದ್ರೆ ನಾನು ಅರ್ಧ ಸತ್ಯನೇ ಪೂರ್ತಿ ಅಂತ ಬರೀತಿದ್ದೆ."

ಏಪ್ರಿಲಿನಲ್ಲಿ ಹನ್ನೆರಡನ್ನೂ ಮೇಲುಕೋಟೆ ಗುಡ್ಡಕ್ಕೆ ಒಯ್ದು ಬಿಟ್ಟೆವು. ಪಂಜರದ ಬಾಗಿಲು ತೆಗೆದದ್ದೇ ಆರನೆಯದು ಬಾಣದ ಹಾಗೆ ಹೋಯಿತು. ಒಂಬತ್ತನೆಯದನ್ನು ಕಾಳಪ್ಪ ಬೆರಳಿನಿಂದ ತಳ್ಳಬೇಕಾಯಿತು. ಅವತ್ತು ಸಂಜೆ ಪಟ, ಸುತ್ತಿಗೆ ಒಳಕೋಣೆಗೆ ಮರಳಿದವು. ದೊಡ್ಡತಾಯಮ್ಮ ತಾನೇ ಬತ್ತಿ ಹೊಸೆದು ಕೊಟ್ಟಳು.

ತೊಂಬತ್ತಾರರ ಫೆಬ್ರವರಿಯಲ್ಲಿ ಮೈಸೂರಿನಲ್ಲಿ ಮೇಡಂ ಪರೀಕ್ಷೆ. ಯಾರು ಬೇಕಾದರೂ ಕೂತು ಕೇಳಬಹುದಂತೆ. ನಾನೂ ಕಾಳಪ್ಪನೂ ಹಿಂದಿನ ಬೆಂಚಿನಲ್ಲಿ ಕೂತೆವು. ಅವನು ಇಸ್ತ್ರಿ ಅಂಗಿ ಹಾಕಿದ್ದ. ಹೊರಗಿನಿಂದ ಬಂದಿದ್ದ ಪರೀಕ್ಷಕರೊಬ್ಬರು ಪುಟ ತಿರುವಿ, "ತೂಕ ಎಲ್ಲಾ ಅಕ್ಕಸಾಲಿಗರ ತಕ್ಕಡಿಯಲ್ಲಿ ಮಾಡಿದ್ದೀರಿ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತಾರಲ್ಲಮ್ಮ, ಗುಬ್ಬಿಯ ಕೊಬ್ಬನ್ನು ಬಿಟ್ಟನೆ?" ಎಂದರು. ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ. ಅವನ ಪಕ್ಕದಲ್ಲೇ ಕೂತು, ಇಷ್ಟೆಲ್ಲ ಕಂಡ ಮೇಲೂ, ಅಭ್ಯಾಸಬಲದಿಂದ ನಕ್ಕುಬಿಟ್ಟೆ. ಕಾಳಪ್ಪ ಮಾತ್ರ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಇವತ್ತಿಗೂ ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಮೇಡಂ ನಗಲಿಲ್ಲ. "ಸರ್, ಮೊದಲ ವರ್ಷದ ಪ್ರಯೋಗದಲ್ಲಿ ತಪ್ಪಿತ್ತು. ಅದನ್ನು ನಾನು ಕಂಡುಹಿಡಿಯಲಿಲ್ಲ, ನಮ್ಮ ಗೈಡ್ ಕಂಡುಹಿಡಿಯಲಿಲ್ಲ, ಬೇರೆ ಯಾರೂ ಹಿಡಿಯೋಕೆ ಸಾಧ್ಯ ಇರಲಿಲ್ಲ. ತೂಗಿದವರೇ ನಮ್ಮೂರಿಗೆ ಬಂದು ನಿಂತು ಹೇಳಿದರು. ಹೇಳಿದರೆ ಅವರಿಗೆ ಕೆಟ್ಟ ಹೆಸರು ಬಿಟ್ಟು ಬೇರೇನೂ ಸಿಗುತ್ತಿರಲಿಲ್ಲ. ನೂರಾ ಐದನೇ ಪುಟದಲ್ಲಿ ಅವರ ಹೆಸರಿದೆ. ಈ ಪುಸ್ತಕದಲ್ಲಿ ನನಗೆ ಅನುಮಾನವೇ ಇಲ್ಲದ ಭಾಗ ಅಂದರೆ ಆ ತೂಕ" ಅಂದಳು.

ಪರೀಕ್ಷಕರು ಕನ್ನಡಕ ತೆಗೆದು ಹಿಂದಿನ ಬೆಂಚಿನ ಕಡೆ ನೋಡಿ, "ತಪ್ಪಾಯ್ತು" ಎಂದರು. ಒಳ್ಳೆಯ ಮನುಷ್ಯ.

ಬಸ್ಸು ಶ್ರೀರಂಗಪಟ್ಟಣದ ಸೇತುವೆ ದಾಟಿತು. ಕಾಳಪ್ಪ ನನ್ನ ಕಡೆ ತಿರುಗಿದ: "ನೂರಾ ಐದನೇ ಪುಟ ಅಂದ್ರಲ್ವೇನ್ಲಾ?"

ನಾನು ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ, ನಾನು ನಕ್ಕದ್ದನ್ನೂ ಸೇರಿಸಿ. ಅವ್ವ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದಳು. ಮಾರನೇ ದಿನ ಬೆಳಿಗ್ಗೆ ನನ್ನ ಮಗಳು ರಂಜಿತಳ ಕೈ ಹಿಡಿದುಕೊಂಡು ಬೀದಿ ದಾಟಿದಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ನಾನು ಹಿಂದೆಯೇ ಓಡಿದೆ.

ಅವ್ವ ಅಂಗಡಿಯ ಚಾಪೆಯ ಮೇಲೆ ಕೂತು, ಸೆರಗಿನ ಗಂಟು ಬಿಚ್ಚಿ ತನ್ನ ಹಳೇ ಸರದ ತುಂಡೊಂದನ್ನು ಮುಂದಿಟ್ಟಳು. "ಮಗೀಗೆ ಓಲೆ ಮಾಡ್ಕೊಡಪ್ಪ. ತೂಗ್ಬ್ಯಾಡ, ಅಂಗೇ ಇಟ್ಕೊ" ಅಂದಳು. ಅವ್ವನ ಬಾಯಲ್ಲಿ ಅದಕ್ಕಿಂತ ದೊಡ್ಡ ಕ್ಷಮೆ ಬರುವುದು ಸಾಧ್ಯವಿರಲಿಲ್ಲ.

ಕಾಳಪ್ಪ ಆ ತುಂಡನ್ನು ಕೈಗೆ ತೆಗೆದುಕೊಂಡ. ಕಣ್ಣು ತುಂಬಿದ್ದವು. ಆದರೂ ಎದ್ದು ಹೋಗಿ ತಕ್ಕಡಿಯ ಪೆಟ್ಟಿಗೆ ತಂದ.

"ತೂಗ್ದೆ ಇರಾಕಾಗಲ್ಲ ಕಣವ್ವ. ನಮ್ಮಪ್ಪನಿಂದ ಬಂದದ್ದು, ನಮ್ಮ ತಾತನಿಂದ ಬಂದದ್ದು. ಉಟ್ಟುಗುಣ ಸುಟ್ರೂ ಓಗಾಕಿಲ್ಲ ಅಂತ ನೀನೇ ಅಂದಿದ್ದಲ್ಲ" ಅಂದ.

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಕಾಳಪ್ಪ ಉಸಿರು ಬಿಗಿಹಿಡಿದು ಒಂದೊಂದೇ ಗುಲಗಂಜಿ ಹಾಕುತ್ತಾ ಹೋದ. ತಕ್ಕಡಿಯ ಮುಳ್ಳು ನಡುವಿಗೆ ಬಂದು ನಿಂತಿತು. ಅವ್ವ ಮುಳ್ಳಿನ ಕಡೆ ನೋಡಲಿಲ್ಲ, ಅವನ ಮುಖವನ್ನೇ ನೋಡುತ್ತಾ ಕೂತಿದ್ದಳು.